ಗಿಳಿ ಕಚ್ಚಿದ ಪೇರಲ

ಕೋಥರೂಡ, ಪುಣೆ
3 ಮೇ 1993

ಮಾನಕ್ಕನಿಗೆ ತಂಗಿ ಗುರುಬಾಯಿಯ ಶರಣು.

ಪತ್ರ ಬರೆದು ಎರಡು ತಿಂಗಳಾಯಿತೆಂದು ಸಿಟ್ಟಾಗಬೇಡ. ಇಂಡಿ ಊರಿನ ದವಾಖಾನೆಯಲ್ಲಿ ನೀನು ದಿನಕ್ಕೆ ಎಷ್ಟು ಹೆರಿಗೆ ಮಾಡಿಸಿದರೂ ಮನೆಗೆ ಬಂದು ಒಬ್ಬಳೇ ಕಾಲು ಚಾಚಿ ಕೂಡುತ್ತೀ. ನನಗೆ ಎರಡು ಖೋಲಿಯ ಮನೆಯಲ್ಲಿ ಅತ್ತೆ, ಗಂಡ, ಮಗಳು, ಮೊನ್ನೆಯಿಂದ ಒಂದು ಗಿಳಿಮರಿ ಬೇರೆ. ಹೌದು, ಗಿಳಿಮರಿಯೇ.

ಅತ್ತೆ ಯಮನವ್ವನವರು ಇಂದಾಪುರಕ್ಕೆ ತಮ್ಮ ತಂಗಿಯ ಮನೆಗೆ ಹೋಗಿದ್ದರು. ಅಲ್ಲಿ ಹೊಲದ ಬೇವಿನ ಗಿಡ ಕಡಿದಾಗ ಪೊಟರೆಯಲ್ಲಿ ಸಿಕ್ಕಿತಂತೆ. ಎಸ್.ಟಿ. ಬಸ್ಸಿನಲ್ಲಿ ಮೂರು ತಾಸು ಸೆರಗಿನೊಳಗೆ ಇಟ್ಟುಕೊಂಡು ಬಂದಿದ್ದಾರೆ. ಕಂಡಕ್ಟರ್ ಕೇಳಿದ್ದಕ್ಕೆ "ಮೊಮ್ಮಗಳ ಔಷಧ ಅದ" ಅಂದರಂತೆ. ಮರಿಗೆ ಇನ್ನೂ ಪುಕ್ಕವೂ ಸರಿಯಾಗಿ ಬಂದಿಲ್ಲ. ಬರೀ ಕೊಕ್ಕು, ಹೊಟ್ಟೆ, ಎರಡು ಕಣ್ಣು. ನಮ್ಮ ಯಜಮಾನರು ನೋಡಿ "ಥೇಟ್ ನಮ್ಮ ಶೇಟಜಿ" ಅಂದರು. ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಯಲ್ಲಿ ಅವರು ಗುಮಾಸ್ತರಾಗಿರುವುದು ಆ ಶೇಟಜಿಯ ಹತ್ತಿರವೇ. ನಕ್ಕು ನಕ್ಕು ಸಾಕಾಯಿತು.

ಔಷಧ ಅಂದದ್ದು ಸುಳ್ಳಲ್ಲ ಅಕ್ಕಾ. ಸ್ನೇಹಲ್‌ಗೆ ಮೂರು ವರ್ಷ ತುಂಬಿ ಮೂರು ತಿಂಗಳಾಯಿತು. ಇನ್ನೂ ಒಂದು ಮಾತು ಬಂದಿಲ್ಲ. ನಗುತ್ತಾಳೆ, ಅಳುತ್ತಾಳೆ, ಕೂಗುತ್ತಾಳೆ, ಅವ್ವ ಅನ್ನುವುದಿಲ್ಲ. ಗಿಳಿ ಕಚ್ಚಿ ಬಿಟ್ಟ ಪೇರಲಹಣ್ಣು ತಿನ್ನಿಸಿದರೆ ತೊದಲು ನಾಲಿಗೆಯೂ ತಿರುಗುತ್ತದೆ ಅಂತ ನಮ್ಮ ಕಡೆ ಹೇಳುತ್ತಾರಲ್ಲ, ಅದಕ್ಕೇ ಇದು. "ಎಲ್ಲಾ ಆಗ್ತದ ತಗೋ. ನಮ್ಮ ಶಿವಪುತ್ರನೂ ನಾಕು ವರ್ಷಕ್ಕ ಮಾತಾಡಿದಾಂವ. ಈಗ ಬಾಯಿ ಮುಚ್ಚಂದ್ರೂ ಮುಚ್ಚೂದಿಲ್ಲ" ಅನ್ನುತ್ತಾರೆ ಅತ್ತೆ. ಪೇರಲ ಬರುವ ಹೊತ್ತಿಗೆ ಮರಿಯ ಕೊಕ್ಕೂ ಗಟ್ಟಿಯಾಗುತ್ತದೆ. ಅಲ್ಲಿಯವರೆಗೆ ಅದನ್ನು ಬದುಕಿಸಿಕೊಳ್ಳಬೇಕು. ಏನು ತಿನ್ನಿಸಬೇಕೋ ನಿನಗೆ ಗೊತ್ತಿದ್ದರೆ ಬರಿ. ನೀನು ಚಿಕ್ಕಂದಿನಲ್ಲಿ ಸಾಕಿದ್ದೆಯಲ್ಲ.

ನಿನ್ನ
ಗುರುಬಾಯಿ


ಇಂಡಿ
19 ಮೇ 1993

ಗುರುಬಾಯಿಗೆ ಆಶೀರ್ವಾದ.

ಕಡಲೆಬೇಳೆ ರಾತ್ರಿ ನೆನೆಹಾಕಿ ಬೆಳಿಗ್ಗೆ ನುಣ್ಣಗೆ ಅರೆ. ಬೆರಳ ತುದಿಯಲ್ಲಿ ತಿನ್ನಿಸು, ಚಮಚ ಬೇಡ, ಕೊಕ್ಕಿಗೆ ಪೆಟ್ಟಾಗುತ್ತದೆ. ಹಾಲು ಕೊಡಬೇಡ. ಮರಿ ಯಾರ ಕೈಯಲ್ಲಿ ತಿನ್ನುತ್ತದೆಯೋ ಅವರದೇ ಆಗುತ್ತದೆ. ಆದ್ದರಿಂದ ಕೂಸಿನ ಕೈಯಿಂದಲೇ ತಿನ್ನಿಸು.

ಪೇರಲ ತಿನ್ನಿಸುವುದು ತಿನ್ನಿಸು, ಹಣ್ಣು ತಿಂದರೆ ಕೆಡುಕಿಲ್ಲ. ಆದರೆ ಒಮ್ಮೆ ಕಿವಿಯ ಡಾಕ್ಟರಿಗೆ ತೋರಿಸು. ಮಾತು ಬರಬೇಕಾದರೆ ಮೊದಲು ಮಾತು ಕೇಳಿಸಬೇಕು. ಹಿಂದಿನಿಂದ ಕರೆದರೆ ತಿರುಗುತ್ತಾಳೋ ಇಲ್ಲವೋ ಅದನ್ನು ಬರೆ.

ಮಾನಮ್ಮ


ಕೋಥರೂಡ
11 ಅಕ್ಟೋಬರ್ 1993

ಮಾನಕ್ಕನಿಗೆ ಶರಣು.

ಭೂಕಂಪದಲ್ಲಿ ನೀವೆಲ್ಲ ಉಳಿದಿರೆಂದು ನಿನ್ನ ಕಾರ್ಡು ನೋಡಿ ಜೀವ ಬಂತು. ಇಲ್ಲಿಯೂ ಪಾತ್ರೆ ಅಲ್ಲಾಡಿದವು. ಎಲ್ಲರಿಗಿಂತ ಮೊದಲು ಎದ್ದು ಕೂತವಳು ಯಾರು ಗೊತ್ತೇ? ಸ್ನೇಹಲ್. ನೀನು ಕಿವಿ ಕಿವಿ ಅನ್ನುತ್ತೀಯಲ್ಲ, ಅದಕ್ಕೆ ಹೇಳಿದೆ.

ಇನ್ನೂ ಕೇಳು. ಬಾಗಿಲ ಗಂಟೆ ಬಾರಿಸಿದರೆ ಮೊದಲು ಓಡುವವಳು ಅವಳೇ. ಕುಕ್ಕರ್ ಸೀಟಿ ಹೊಡೆದರೆ ಅಡುಗೆಮನೆಯ ಕಡೆ ನೋಡುತ್ತಾಳೆ. ಮನೆಗೆ ಯಾರಾದರೂ ಬಂದರೆ ಇವರು ಬೇಕೆಂದೇ ಒಬ್ಬರನ್ನು ಹೊರಗೆ ಕಳಿಸಿ ಗಂಟೆ ಬಾರಿಸಲು ಹೇಳುತ್ತಾರೆ. "ನೋಡ್ರಿ ನಮ್ಮ ಹುಡುಗಿ" ಅಂತ ಇವರ ಎದೆ ಉಬ್ಬುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ನೀನು ನಗಬಹುದು. ನಗು.

ಗಿಳಿಯ ಕಥೆ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ನೀನು ಬರೆದಂತೆ ಕೂಸಿನ ಕೈಯಿಂದಲೇ ತಿನ್ನಿಸಿದೆ. ಮೊದಲು ಭಾಳ ಕಚ್ಚಿತು. ಬೆರಳಲ್ಲಿ ರಕ್ತ ಬಂದರೂ ಅವಳು ಕೈ ಹಿಂದೆ ತೆಗೆಯಲಿಲ್ಲ. ಅಂಗೈಯನ್ನು ನೆಲಕ್ಕೆ ಊರಿ, ಹಿಟ್ಟು ಹಚ್ಚಿಕೊಂಡು, ಬಾಲ್ಕನಿಯಲ್ಲಿ ಒಂದೊಂದು ತಾಸು ಕೂಡುತ್ತಿದ್ದಳು. ಮೂರು ವರ್ಷದ ಕೂಸಿಗೆ ಅಷ್ಟು ತಾಳ್ಮೆ ಎಲ್ಲಿಂದ ಬಂತೋ! ಒಂದು ದಿನ ಮರಿ ತಾನೇ ಅಂಗೈ ಹತ್ತಿತು. ಅವಳು ನನ್ನ ಕಡೆ ನೋಡಿದ ನೋಟವನ್ನು ಫೋಟೋ ತೆಗೆಸಿ ಇಡಬೇಕಾಗಿತ್ತು.

ಈಗ ಅದಕ್ಕೆ ಪೂರಾ ಹಸಿರು ಪುಕ್ಕ ಬಂದಿದೆ, ಕೊಕ್ಕು ಕೆಂಪಾಗಿದೆ. ಹಗಲೆಲ್ಲ ಅವಳ ಹೆಗಲ ಮೇಲೆಯೇ ಇರುತ್ತದೆ, ರಾತ್ರಿ ಮಾತ್ರ ಪಂಜರದಲ್ಲಿ. ಬೆರಳನ್ನು ಕೊಕ್ಕಿನ ಹಾಗೆ ಬಾಗಿಸಿದರೆ ಬರುತ್ತದೆ. ಅಂಗೈ ಮಗುಚಿದರೆ ಇಳಿಯುತ್ತದೆ. ಅವಳು ತನ್ನ ಮೂಗು ಮುಟ್ಟಿಕೊಂಡರೆ ನೇರ ಹಾರಿ ಬಂದು ನನ್ನ ತಲೆಯ ಮೇಲೆ ಕೂಡುತ್ತದೆ. ನಾನು ಮೂಗುಬಟ್ಟು ಹಾಕುತ್ತೇನಲ್ಲ, ಅವಳ ಲೆಕ್ಕದಲ್ಲಿ ಮೂಗು ಅಂದರೆ ಅವ್ವ. ಹೊಟ್ಟೆ ಹಸಿದರೆ, ನಿದ್ದೆ ಬಂದರೆ, ಗಿಳಿಯನ್ನು ನನ್ನ ಮೇಲೆ ಕಳಿಸುತ್ತಾಳೆ. ಬಾಯಿ ತೆರೆಯದೆ ಒಂದು ಹಕ್ಕಿಗೆ ಇಷ್ಟು ಕಲಿಸಿದವಳನ್ನು ದಡ್ಡಿ ಅನ್ನುತ್ತಾರೆಯೇ?

ಗಿಳಿಗೆ ಮಾತು ಕಲಿಸುವ ಕೆಲಸ ನನ್ನದು. "ಸ್ನೇಹಾ, ಬಾರ ಅವ್ವಾ" ಅಂತ ದಿನಾ ಬೆಳಿಗ್ಗೆ ಹೇಳಿ ಹೇಳಿ ಈಗ ಅದು ಥೇಟ್ ನನ್ನ ದನಿಯಲ್ಲಿಯೇ ಅನ್ನುತ್ತದೆ. ಶ್ರಾವಣದಿಂದ ಪ್ರತಿ ಸೋಮವಾರ ಅತ್ತೆ ಅದು ಕಚ್ಚಿದ ಪೇರಲ ತಿನ್ನಿಸುತ್ತಿದ್ದಾರೆ. ಕೂಸಿಗೆ ಪೇರಲ ಅಂದರೆ ಜೀವ. ಮಾತು ಮಾತ್ರ ಇನ್ನೂ ಬಂದಿಲ್ಲ. ದೀಪಾವಳಿಗೆ ಬಾ. ರಜೆ ಸಿಗಲಿಲ್ಲ ಅಂದರೆ ನಾನು ಕೇಳುವುದಿಲ್ಲ.

ಗುರುಬಾಯಿ


ಇಂಡಿ
24 ನವೆಂಬರ್ 1993

ಗುರುಬಾಯಿಗೆ.

ಊರು ಮುಟ್ಟಿದೆ. ನೀನು ಕಟ್ಟಿಕೊಟ್ಟ ಕರಚಿಕಾಯಿ ನರ್ಸುಗಳೆಲ್ಲ ತಿಂದರು.

ಅಲ್ಲಿ ನಿಮ್ಮತ್ತೆಯ ಎದುರಿಗೆ ಹೇಳಲಾಗಲಿಲ್ಲ. ಈಗ ಬರೆಯುತ್ತೇನೆ. ಪಾಡ್ಯದ ದಿನ ಅಡುಗೆಮನೆಯಲ್ಲಿ ನನ್ನ ಕೈಯಿಂದ ತಾಟು ಬಿತ್ತಲ್ಲ, ಅದು ಜಾರಿ ಬಿದ್ದದ್ದಲ್ಲ. ನಾನೇ ಬೀಳಿಸಿದೆ. ಕೂಸು ನನಗೆ ಬೆನ್ನು ಮಾಡಿ ಬಾಲ್ಕನಿಯಲ್ಲಿ ಕೂತಿತ್ತು. ಗಿಳಿ ಎದುರಿನ ಕಂಬಿಯ ಮೇಲಿತ್ತು. ತಾಟು ಬಿದ್ದಾಗ ಕೂಸು ಅಲುಗಲಿಲ್ಲ. ಗಿಳಿ ಬೆಚ್ಚಿ ಕತ್ತು ತಿರುಗಿಸಿತು. ಕೂಸು ಅದರ ಕತ್ತು ನೋಡಿ ಆಮೇಲೆ ತಿರುಗಿತು. ಬಾಗಿಲ ಗಂಟೆಗೂ ಹಾಗೆಯೇ, ಕುಕ್ಕರಿಗೂ ಹಾಗೆಯೇ. ನಾಲ್ಕು ದಿನ ಅದನ್ನೇ ನೋಡಿದೆ. ಗಿಳಿ ಯಾವ ಕಡೆ ನೋಡಿದರೆ ಆ ಕಡೆ ಓಡುತ್ತಾಳೆ. ಅವಳು ಕೇಳುತ್ತಿರುವುದು ಗಿಳಿಯ ಕಿವಿಯಿಂದ, ತನ್ನ ಕಿವಿಯಿಂದಲ್ಲ. ಭೂಕಂಪದ ದಿನ ಎದ್ದದ್ದು ನೆಲ ನಡುಗಿದ್ದಕ್ಕೆ.

ನನ್ನ ಮಾತು ನಂಬಬೇಡ. ಪಂಜರದ ಮೇಲೆ ನಿನ್ನದೊಂದು ಹಳೆ ಸೀರೆ ಹೊದಿಸು. ಕೂಸಿನ ಬೆನ್ನಿಗೆ ನಿಂತು ಕರೆ. ನೆಲ ತುಳಿಯಬೇಡ, ನೆರಳು ಬೀಳಿಸಬೇಡ. ಮೂರು ಸಲ ಕರೆ. ತಿರುಗದಿದ್ದರೆ ಮರುದಿನವೇ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋಗು. ಪುಣೆಯಲ್ಲಿ ಇದಕ್ಕೆ ಮಷಿನು ಸಿಗುತ್ತವೆ, ಕಲಿಸುವವರೂ ಇದ್ದಾರೆ. ಆದರೆ ವಯಸ್ಸು ಮೀರಿದರೆ ಮಷಿನಿನಿಂದಲೂ ಉಪಯೋಗವಿಲ್ಲ. ಗಿಳಿಗೆ ಹೇಳಿದ ಹಾಗೆ ಹೇಳುತ್ತಿದ್ದೇನೆ ಗುರೂ, ತಡ ಮಾಡಬೇಡ.

ಮಾನಮ್ಮ


ಕೋಥರೂಡ
3 ಡಿಸೆಂಬರ್ 1993

ಮಾನಮ್ಮನವರಿಗೆ.

ನಿಮ್ಮ ಪತ್ರ ಬಂತು. ಹಬ್ಬಕ್ಕೆ ಕರೆದ ಮನೆಯಲ್ಲಿ ತಾಟು ಬೀಳಿಸಿ ಪರೀಕ್ಷೆ ಮಾಡಿದಿರಿ. ನಾನು ಅಕ್ಕ ಬಂದಳೆಂದು ಹೋಳಿಗೆ ಮಾಡಿದೆ, ನೀವು ನನ್ನ ಮಗಳಿಗೆ ಕಿವುಡಿ ಅಂತ ಹೆಸರಿಟ್ಟು ಹೋದಿರಿ. ಹೆಣ್ಣು ಕೂಸು. ಈ ಹೆಸರು ಒಮ್ಮೆ ಅಂಟಿದರೆ ನಾಳೆ ಅವಳನ್ನು ಯಾರು ಮಾಡಿಕೊಳ್ಳುತ್ತಾರೆ?

ಊರ ಮಕ್ಕಳನ್ನೆಲ್ಲ ಹೊರಗೆ ಎಳೆದು ಹಾಕಿದರೆ ತಾಯಿಯಾಗುವುದಿಲ್ಲ. ಹಡೆಯದವಳಿಗೆ ಹೆತ್ತ ಕರುಳು ಹೇಗೆ ತಿಳಿಯಬೇಕು?

ಇನ್ನು ಮೇಲೆ ಪತ್ರ ಬರೆಯಬೇಡಿ.

ಗುರುಬಾಯಿ ಶಿವಪುತ್ರಪ್ಪ


ಕೋಥರೂಡ
20 ಮಾರ್ಚ್ 1995

ಅಕ್ಕಾ,

ಈ ಪತ್ರ ನೋಡಿ ಹರಿದು ಹಾಕಬೇಡ. ಓದಿ ಆಮೇಲೆ ಹರಿ.

ಸ್ನೇಹಲ್‌ಗೆ ಕಿವಿ ಕೇಳಿಸುವುದಿಲ್ಲ. ಎರಡೂ ಕಿವಿ. ಹೋದ ತಿಂಗಳು ಐದು ತುಂಬಿತೆಂದು ಶಾಲೆಗೆ ಹಚ್ಚಲು ಹೋದೆವು. ಶಾಲೆಗೆ ಗಿಳಿಯನ್ನು ಒಯ್ಯಲಾಗುವುದಿಲ್ಲವಲ್ಲ. ಗಂಟೆ ಹೊಡೆದರೂ ಅವಳು ಗೋಡೆ ನೋಡುತ್ತ ನಿಂತಿದ್ದಳಂತೆ. ಮೂರನೆಯ ದಿನ ಹೆಡ್‌ಮಾಸ್ತರರು ಇವರನ್ನು ಕರೆಸಿದರು. ದವಾಖಾನೆಯಲ್ಲಿ ಗಾಜಿನ ಖೋಲಿಯಲ್ಲಿ ಕೂಡಿಸಿ, ಕಿವಿಗೆ ಏನೋ ಹಚ್ಚಿ ನೋಡಿದರು. ಡಾಕ್ಟರು ಬಿಂದುಮಾಧವ ಅಂತ, ನಮ್ಮ ಧಾರವಾಡದ ಕಡೆಯವರು. ಕನ್ನಡದಲ್ಲಿಯೇ ಕೇಳಿದರು. "ಇಷ್ಟ ದಿನಾ ಏನ್ ಮಾಡ್ತಿದ್ರಿ ಅವ್ವಾ? ಎರಡ ವರ್ಷದಾಗ ತಂದಿದ್ರ, ಮೂರ ವರ್ಷದಾಗರ ತಂದಿದ್ರ..." ಅಂದು ಅಲ್ಲಿಗೇ ನಿಲ್ಲಿಸಿದರು. ಪೇರಲ ತಿನ್ನಿಸುತ್ತಿದ್ದೆವು ಅಂತ ಹೇಗೆ ಹೇಳಲಿ? ಇವರು ಅಲ್ಲಿಯೇ ಬೆಂಚಿನ ಮೇಲೆ ಕೂತು ಅತ್ತರು. ಅತ್ತೆ ಅಂದಿನಿಂದ ಯಾರ ಹತ್ತಿರವೂ ಮಾತಾಡಿಲ್ಲ.

ಈಗ ಬರೆಯಬೇಕಾದದ್ದು ಬೇರೆ ಇದೆ. ಇದನ್ನು ಇವರಿಗೂ ಹೇಳಿಲ್ಲ.

ನಿನ್ನ ಪತ್ರ ಬಂದ ದಿನವೇ ನಾನು ಪಂಜರಕ್ಕೆ ಸೀರೆ ಹೊದಿಸಿದೆ. ಮನೆಯಲ್ಲಿ ಯಾರೂ ಇರಲಿಲ್ಲ. ಕೂಸು ಕಡಲೆ ಆರಿಸುತ್ತ ಕೂತಿತ್ತು. ಹಿಂದೆ ನಿಂತು ಕರೆದೆ. ಮೂರು ಸಲವಲ್ಲ, ಗಂಟಲು ಹರಿಯುವ ಹಾಗೆ ಕರೆದೆ. ಸೀರೆಯ ಒಳಗಿನಿಂದ ಗಿಳಿ "ಬಾರ ಅವ್ವಾ" ಅಂತ ನನಗೆ ಉತ್ತರ ಕೊಟ್ಟಿತು. ಕೂಸು ಕಡಲೆ ಆರಿಸುತ್ತಲೇ ಇತ್ತು.

ಆಮೇಲೆ ಸೀರೆ ತೆಗೆದು ಮಡಚಿ ಇಟ್ಟೆ. ಮರುದಿನ ನಿನಗೆ ಆ ಪತ್ರ ಬರೆದೆ. ನನಗೆ ಗೊತ್ತಿತ್ತು ಅಕ್ಕಾ. ಗೊತ್ತಿದ್ದೇ ಹದಿನೈದು ತಿಂಗಳು ಗಂಟೆ ಬಾರಿಸಿದಾಗೆಲ್ಲ ಇವರ ಜೊತೆ ನಾನೂ ನಕ್ಕೆ. ಗಿಳಿ ಹೆಗಲ ಮೇಲಿದೆಯೋ ಇಲ್ಲವೋ ನೋಡಿಕೊಂಡೇ ನೆಂಟರನ್ನು ಒಳಗೆ ಕರೆದೆ. ಯಾರೂ ಬಾಯಿಬಿಟ್ಟು ಹೇಳುವವರೆಗೆ ಅದು ನಿಜವಲ್ಲ ಅಂದುಕೊಂಡಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಕುಡಿದದ್ದು ನನ್ನ ಮಗಳ ಬಾಯಿಯ ಹಾಲು.

ಕಿವುಡ ಮಕ್ಕಳ ಶಾಲೆಯಲ್ಲಿ ಸೇರಿಸಿಕೊಂಡಿದ್ದಾರೆ. ಎದೆಯ ಮೇಲೆ ಒಂದು ಡಬ್ಬಿ, ಅದರಿಂದ ಎರಡು ವೈರು ಕಿವಿಗೆ. ಅಲ್ಲಿಯ ಮಾಸ್ತರಬಾಯಿ ಒಳ್ಳೆಯವರು, ಆದರೆ ಕಟ್ಟುನಿಟ್ಟು. ಮನೆಯಲ್ಲಿ ಒಂದೇ ಭಾಷೆ ಇರಬೇಕಂತೆ, ಮರಾಠಿ. ಕನ್ನಡ ಬಂದ್. ಕೈಸನ್ನೆ ಪೂರಾ ಬಂದ್, ಕೈ ಆಡಿದರೆ ನಾಲಿಗೆ ಸೋಮಾರಿಯಾಗುತ್ತದಂತೆ. ಮನೆಯಲ್ಲಿ ಯಾರ ಜೊತೆ ಹೆಚ್ಚು ಇರುತ್ತಾಳೆ ಅಂತ ಕೇಳಿದರು. ಗಿಳಿಯ ವಿಷಯ ಹೇಳಿದೆ. ಮೊದಲು ಅದನ್ನು ಕಳಿಸಿ ಅಂದರು. ಅದು ಇರುವವರೆಗೆ ಅವಳು ಮಷಿನಿನ ಕಡೆ ಲಕ್ಷ್ಯ ಕೊಡುವುದಿಲ್ಲ, ಬಾಯಿಯನ್ನೂ ತೆರೆಯುವುದಿಲ್ಲ ಅಂದರು.

ಏನು ಮಾಡಲಿ? ಕೇಳುವ ಮುಖ ನನಗಿಲ್ಲ. ಆದರೂ ನಿನ್ನನ್ನು ಬಿಟ್ಟರೆ ಯಾರಿದ್ದಾರೆ?

ನಿನ್ನ ಪಾಪಿ ತಂಗಿ
ಗುರುಬಾಯಿ


ಇಂಡಿ
29 ಮಾರ್ಚ್ 1995

ಗುರೂ,

ಹರಿಯಲಿಲ್ಲ.

ನೀನೊಬ್ಬಳೇ ಪಾಪಿಯಲ್ಲ. ನಾನು ನರ್ಸು. ಊರಿನ ಕೂಸಾಗಿದ್ದರೆ ಮನೆ ಬಾಗಿಲಲ್ಲಿ ಕೂತು ಜಗಳ ಮಾಡಿಯಾದರೂ ಎತ್ತಿಕೊಂಡು ಹೋಗುತ್ತಿದ್ದೆ. ಹಡೆಯದವಳು ಅಂತ ನೀನು ಬರೆದ ಒಂದು ಸಾಲಿಗೆ ಹದಿನೈದು ತಿಂಗಳು ಬಾಯಿ ಮುಚ್ಚಿ ಕೂತೆ. ಶಿವಪುತ್ರಪ್ಪನವರ ಅಂಗಡಿಗೆ ಒಂದು ಪತ್ರ ಹಾಕಿದ್ದರೆ ಸಾಕಿತ್ತು. ಹಾಕಲಿಲ್ಲ. ನಿನ್ನ ಮೇಲಿನ ಸಿಟ್ಟಿಗೆ ಕೂಸನ್ನು ಬಲಿ ಕೊಟ್ಟೆ. ನೀನು ಅತ್ತಷ್ಟೇ ನಾನೂ ಅತ್ತಿದ್ದೇನೆ, ಅದರಿಂದ ಯಾರಿಗೂ ಏನೂ ಆಗುವುದಿಲ್ಲ.

ಗಿಳಿಯನ್ನು ಕಳಿಸಬೇಡ. ಶಾಲೆಯವರು ನನಗಿಂತ ಕಲಿತವರು, ಅವರ ವಿದ್ಯೆ ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ಅವ್ವಣ್ಣ. ನಮ್ಮ ದವಾಖಾನೆಯ ಅಡುಗೆಯವನು, ಹುಟ್ಟು ಕಿವುಡ. ಹೆಂಡತಿ, ಇಬ್ಬರು ಮಕ್ಕಳು, ನಾವು ನರ್ಸುಗಳು ಎಲ್ಲರೂ ಅವನ ಜೊತೆ ಕೈಯಲ್ಲಿಯೇ ಮಾತಾಡುತ್ತೇವೆ. ಚಾಡಿ ಹೇಳುತ್ತಾನೆ, ಡಾಕ್ಟರನ್ನು ಅಣಕಿಸುತ್ತಾನೆ, ಹೆಂಡತಿಯ ಜೊತೆ ಜಗಳವಾಡುತ್ತಾನೆ. ಅವನಿಗೆ ದನಿಯಿಲ್ಲ, ಮಾತಿಗೇನೂ ಬರವಿಲ್ಲ. ನಿನ್ನ ಮಗಳು ಮೂರು ವರ್ಷಕ್ಕೆ ಒಂದು ಹಕ್ಕಿಯ ಜೊತೆ ಮಾತು ಕಟ್ಟಿದಳು. ಅದನ್ನು ಮುರಿಯಬೇಡ. ಮಷಿನೂ ಇರಲಿ, ಮರಾಠಿಯೂ ಇರಲಿ, ಕೈಯೂ ಇರಲಿ.

ಇಲ್ಲಿ ಕಾಲರಾ ಎದ್ದಿದೆ, ರಜೆ ಇಲ್ಲ. ಮುಗಿದ ಕೂಡಲೇ ಬರುತ್ತೇನೆ.

ನಿನ್ನ
ಮಾನಕ್ಕ


ಕೋಥರೂಡ
19 ಆಗಸ್ಟ್ 1995

ಮಾನಕ್ಕನಿಗೆ ಶರಣು.

ನಿನ್ನ ಪತ್ರ ಬಂದಾಗ ಗಿಳಿ ಇನ್ನೂ ಇಲ್ಲಿಯೇ ಇತ್ತು. ಓದಿದೆ, ಎರಡು ಸಲ ಓದಿದೆ. ಆದರೂ ಕಳಿಸಿದೆ. ಒಮ್ಮೆ ಕಲಿತವರ ಮಾತು ಕೇಳದೆ ಮಗಳನ್ನು ಹಾಳು ಮಾಡಿದ್ದೆ. ಇನ್ನೊಮ್ಮೆ ಕೇಳದಿದ್ದರೆ ಯಾವ ಬಾಯಿಂದ ಹೇಳಿಕೊಳ್ಳಲಿ ಅನ್ನಿಸಿತು. ನೀನು ನರ್ಸು, ಅವರು ಇದರಲ್ಲಿಯೇ ಪಾಸಾದವರು. ಮೇ ತಿಂಗಳಲ್ಲಿ ಇವರು ಪಂಜರಕ್ಕೆ ಸೀರೆ ಹೊದಿಸಿ ಇಂದಾಪುರಕ್ಕೆ ಬಿಟ್ಟು ಬಂದರು. ಕೂಸು ಶಾಲೆಯ ಬೇಸಿಗೆ ತರಗತಿಗೆ ಹೋಗಿದ್ದಾಗ.

ಅಲ್ಲಿ ಅದು ಹದಿನೈದು ದಿನ ಬಾಗಿಲ ಕಡೆ ನೋಡುತ್ತ "ಸ್ನೇಹಾ, ಬಾರ ಅವ್ವಾ" ಅಂತ ಕೂಗಿತಂತೆ. ಗುರುಬಾಯಿಯೇ ಬಂದಳೇನೋ ಅಂತ ಅತ್ತೆಯ ತಂಗಿ ಎರಡು ಸಲ ಎದ್ದು ನೋಡಿದರಂತೆ. ಆಮೇಲೆ ಕಾಳು ಮುಟ್ಟುವುದನ್ನು ಬಿಟ್ಟಿತು. ಪಂಜರದಲ್ಲಿಯೇ ಸತ್ತಿತು ಅಂತ ಕಾರ್ಡು ಬಂತು. ಅತ್ತೆಯೇ ಅದನ್ನು ಒಲೆಗೆ ಹಾಕಿದರು.

ಸ್ನೇಹಲ್ ಮೊದಲ ದಿನ ಮನೆಯೆಲ್ಲ ಹುಡುಕಿದಳು. ಕಪಾಟು, ಹಾಸಿಗೆ, ಹಿಟ್ಟಿನ ಡಬ್ಬಿ. ಬಾಲ್ಕನಿಯಲ್ಲಿ ನಿಂತು ಬೆರಳು ಬಾಗಿಸಿ ಬಾಗಿಸಿ ಕರೆದಳು. ಮರುದಿನದಿಂದ ನನ್ನ ಎದುರಿಗೆ ಬಂದು ತನ್ನ ಮೂಗು ಮುಟ್ಟಿಕೊಳ್ಳತೊಡಗಿದಳು. ಕಳಿಸಲು ಗಿಳಿ ಇಲ್ಲವಲ್ಲ, ತಾನೇ ಬಂದು ಅವ್ವಾ ಅನ್ನುತ್ತಿದ್ದಳು. ಬಾಯಿ ತೆರೆಯುವವರೆಗೆ ಕೈಗೆ ಉತ್ತರ ಕೊಡಕೂಡದು ಅಂತ ಮಾಸ್ತರಬಾಯಿಯ ಆಜ್ಞೆ. ನಾನು ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದೆ. ಅವಳು ಸುತ್ತು ಹಾಕಿ ಬಂದು ಮತ್ತೆ ಮೂಗು ಮುಟ್ಟುತ್ತಿದ್ದಳು. ನಾನು ಮತ್ತೆ ತಿರುಗುತ್ತಿದ್ದೆ. ಹದಿನೆಂಟು ದಿನ ಹೀಗೆ ನಡೆಯಿತು. ಹತ್ತೊಂಬತ್ತನೆಯ ದಿನ ಅವಳು ಬರಲಿಲ್ಲ. ಅವಳನ್ನು ಗೆದ್ದಿರಿ ಅಂತ ಮಾಸ್ತರಬಾಯಿ ನನ್ನ ಬೆನ್ನು ತಟ್ಟಿದರು.

ಶಾಲೆಯಲ್ಲಿ ಕಲಿಸುವುದನ್ನು ತಾಯಂದಿರು ಕೂತು ನೋಡಬೇಕು. ಮಗು ಕೈ ಎತ್ತಿದರೆ "ಹಾತ್ ಖಾಲೀ" ಅನ್ನುತ್ತಾರೆ, ಕೈ ಕೆಳಗೆ. ಎರಡೂ ಕೈ ಹಿಡಿದು ಮಡಿಲಲ್ಲಿಟ್ಟು ಒತ್ತಿ ಹಿಡಿಯುತ್ತಾರೆ. ಮಗುವಿನ ಬೆರಳನ್ನು ತಮ್ಮ ಗಂಟಲಿಗೆ ಹಚ್ಚಿ "ಆಯಿ" ಅನ್ನುತ್ತಾರೆ, ಮರಾಠಿಯಲ್ಲಿ ಅವ್ವ. ಮಗುವೂ ಹಾಗೆ ಅಂದರೆ ಅದರ ಅಂಗೈಗೆ ಒಂದು ಪೆಪ್ಪರಮಿಂಟು. ಜುಲೈಯಲ್ಲಿ ನಮ್ಮವಳು ಅಂದಳು. ಐದು ವರ್ಷಕ್ಕೆ ಮೊದಲ ಮಾತು. ಇವರು ಕಟ್ಟಡಕ್ಕೆಲ್ಲ ಪೇಢೆ ಹಂಚಿದರು. ಅತ್ತೆಗೆ ಆಯಿ ಅಂದರೆ ಅಜ್ಜಿ, ನಮ್ಮ ಕಡೆಯ ರೂಢಿ. ಮೊದಲು ತಮ್ಮನ್ನೇ ಕರೆದಳು ಅಂದುಕೊಂಡು ಎಷ್ಟೋ ತಿಂಗಳ ಮೇಲೆ ಬಾಯಿ ಬಿಟ್ಟು ನಕ್ಕರು. ನಾನು ತಿದ್ದಲಿಲ್ಲ, ಇಷ್ಟಾದರೂ ಸಿಗಲಿ ಅವರಿಗೆ.

ನಾನೂ ಕುಣಿದೆ ಅಕ್ಕಾ, ಸುಳ್ಳು ಹೇಳುವುದಿಲ್ಲ. ಮನೆಯಲ್ಲಿ ದಿನಾ ಹತ್ತು ಸಲ ಅನ್ನಿಸುತ್ತೇನೆ. ನನ್ನ ಬಾಯಿ ನೋಡುತ್ತಾಳೆ, ಆಯಿ ಅನ್ನುತ್ತಾಳೆ, ಪೆಪ್ಪರಮಿಂಟು ತೆಗೆದುಕೊಂಡು ಹೋಗುತ್ತಾಳೆ. ಮುಖದಲ್ಲಿ ನಗುವಿಲ್ಲ. ನಾನು ಗಿಳಿಗೆ ಕಲಿಸಿದ್ದೂ ಹೀಗೆಯೇ ಅಲ್ಲವೇ ಅಂತ ಒಂದು ದಿನ ಹೊಳೆಯಿತು. ಆ ದಿನ ಅಡುಗೆ ಮಾಡಲಾಗಲಿಲ್ಲ.

ನಿನ್ನೆ ಸಂಜೆ ಕೊತ್ತಂಬರಿ ತರಲು ಕೆಳಗೆ ಇಳಿದೆ. ಮೊದಲ ಮಹಡಿಯ ಮೆಟ್ಟಿಲ ಮೇಲೆ ಸ್ನೇಹಲ್ ಕೂತಿದ್ದಳು. ಬಿದ್ದು ಮೊಣಕಾಲು ಒಡೆದಿತ್ತು. ರಕ್ತ ಇಳಿದು ಬೂಟಿನೊಳಗೆ ಹೋಗಿ ಹೆಪ್ಪುಗಟ್ಟಿತ್ತು. ಎಷ್ಟು ಹೊತ್ತಿನಿಂದ ಕೂತಿದ್ದಳೋ! ನಮ್ಮ ಬಾಗಿಲು ಹನ್ನೆರಡು ಮೆಟ್ಟಿಲು ಮೇಲೆ ತೆರೆದೇ ಇತ್ತು. ಆಯಿ ಅಂತ ಕೂಗಿರಲಿಲ್ಲ. ಕೂಗಿದರೆ ಯಾರಾದರೂ ಬರುತ್ತಾರೆ ಅಂತ ಅವಳಿಗೆ ಗೊತ್ತೇ ಇಲ್ಲ ಅಕ್ಕಾ.

ನನಗೆ ತಡೆಯಲಾಗಲಿಲ್ಲ. ಶಾಲೆಯೂ ಬೇಡ, ಮಷಿನೂ ಬೇಡ ಅನ್ನಿಸಿತು. ಅವಳ ಎದುರಿಗೆ ಮೆಟ್ಟಿಲ ಮೇಲೆಯೇ ಕೂತು, ಮೂರು ತಿಂಗಳಲ್ಲಿ ಮೊದಲ ಸಲ ಕೈ ಎತ್ತಿ ನನ್ನ ಮೂಗು ಮುಟ್ಟಿಕೊಂಡೆ. ನಾನು, ಅವ್ವ, ಇಲ್ಲಿದ್ದೇನೆ ಅಂದೆ.

ಅವಳು ಹೆದರಿ ಅತ್ತಿತ್ತ ನೋಡಿದಳು. ಆಮೇಲೆ ನನ್ನ ಎರಡೂ ಕೈ ಹಿಡಿದು, ನನ್ನ ಮಡಿಲಲ್ಲಿಟ್ಟು, ಒತ್ತಿ ಹಿಡಿದಳು. ನನ್ನ ಬಾಯಿ ನೋಡುತ್ತ ಸ್ಪಷ್ಟವಾಗಿ "ಆಯಿ" ಅಂದಳು. ಅಂದು, ಅಂಗೈ ಚಾಚಿದಳು.

ಗುರುಬಾಯಿ